ನಾಲ್ಕು ಹೊತ್ತಿನ ಬೆಂಕಿ

ಮಾನಸಿಕ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನಲವತ್ತು ಹಾಸಿಗೆ ಇದ್ದವು, ನಲವತ್ತು ಜನ ಇದ್ದರು, ಬೆಂಕಿ ಮಾತ್ರ ಒಬ್ಬನ ಹತ್ತಿರ ಇತ್ತು. ರೋಗಿಗಳ ಕೈಗೆ ಬೆಂಕಿಪೊಟ್ಟಣ ಕೊಡುವ ಹಾಗಿಲ್ಲ. ಯಾರು ಯಾವ ಗಳಿಗೆಯಲ್ಲಿ ಹಾಸಿಗೆಗೆ ಹಚ್ಚಿಬಿಡುತ್ತಾರೋ ಯಾರಿಗೆ ಗೊತ್ತು? ಆದರೆ ಸಿಗರೇಟಂತೂ ಬೇಕೇ ಬೇಕು. ಹಾಗಾಗಿ ದಿನಕ್ಕೆ ನಾಲ್ಕು ಹೊತ್ತು, ತಿಂಡಿ ಆದ ಮೇಲೆ, ಊಟ ಆದ ಮೇಲೆ, ಚಹಾದ ಹೊತ್ತಿಗೆ, ಸಂಜೆ ಬಾಗಿಲು ಹಾಕುವ ಮುಂಚೆ, ಎಲ್ಲರೂ ಹಿಂದಿನ ವರಾಂಡದಲ್ಲಿ ಸಾಲಾಗಿ ನಿಲ್ಲಬೇಕು. ಅಟೆಂಡರು ಬಂದು ಒಬ್ಬೊಬ್ಬರ ಮುಖದ ಮುಂದೆ ಕಡ್ಡಿ ಗೀರಬೇಕು. ಇಪ್ಪತ್ತೆರಡು ವರ್ಷ ಹೀಗೆ ಗೀರಿದವನ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಕಡ್ಡಿಯಣ್ಣ. ಆಮೇಲೆ ಲೈಟರು ಬಂತು, ಅದಕ್ಕೆ ದಾರ ಹಾಕಿ ಅವನ ಸೊಂಟಕ್ಕೆ ಕಟ್ಟಿದರು. ಹೆಸರು ಮಾತ್ರ ಅದೇ ಉಳಿಯಿತು.

ತಮಾಷೆಯೆಂದರೆ ಕಡ್ಡಿಯಣ್ಣ ಸೇದುವವನಲ್ಲ. ಹೊಗೆ ಕಂಡರೆ ಅವನಿಗೆ ಆಗದು. ಸಂಜೆ ಮನೆಗೆ ಹೋದರೆ ಹೆಂಡತಿ ಅವನ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಎಸೆಯುತ್ತಿದ್ದಳು. ಸೇದೋದು ಊರಿನವರೆಲ್ಲ, ವಾಸನೆ ಹೊತ್ತು ತರೋದು ನೀವು ಎಂದು ದಿನಾ ಒಂದು ಸಲವಾದರೂ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅವನು ನಗುತ್ತಿದ್ದ. ಸಂಬಳದ ಕೆಲಸ, ಮಾಡುತ್ತಿದ್ದ.

ವಾರ್ಡನ್ನು ನಡೆಸುತ್ತಿದ್ದದ್ದೇ ಸಿಗರೇಟು ಎಂದರೂ ತಪ್ಪಲ್ಲ. ಹೊತ್ತಿಗೆ ಎರಡರಂತೆ ಎಲ್ಲರಿಗೂ ಎಂಟು. ತಂಟೆ ಮಾಡದೆ ಸ್ನಾನ ಮಾಡಿದರೆ ಒಂದು ಹೆಚ್ಚು. ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದರೆ ಇನ್ನೊಂದು. ಜಗಳ ಆಡಿದರೆ ಎರಡು ಕಟ್. ಯಾರು ಎಷ್ಟು ಸೇದಿದರು ಎಂದು ನರ್ಸುಗಳ ಕೋಣೆಯ ಗೋಡೆಯ ಮೇಲಿನ ಪಟ್ಟಿಯಲ್ಲಿ ನೀಲಿ ಪೆನ್ಸಿಲಿನಿಂದ ಚುಕ್ಕಿ ಇಡುವುದೂ ಕಡ್ಡಿಯಣ್ಣನದೇ ಕೆಲಸ. ಡಾಕ್ಟರು ಬಂದಾಗ ಆ ಚುಕ್ಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿ ಹೋಗುತ್ತಿದ್ದರು. ಯಾಕೆ ನೋಡುತ್ತಾರೆ ಎಂದು ಅವನು ಕೇಳಲಿಲ್ಲ. ಅಟೆಂಡರು ಕೇಳುವ ಪ್ರಶ್ನೆಯೇ ಅಲ್ಲ ಅದು ಎಂದುಕೊಂಡಿದ್ದ. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮುಂದಿನದ್ದೆಲ್ಲ ತಪ್ಪುತ್ತಿತ್ತು.

ಹದಿನೇಳನೇ ಹಾಸಿಗೆಯವನು ಟೈಲರ್. ಹನ್ನೊಂದು ವರ್ಷದ ಹಿಂದೆ ಅವನ ಅಕ್ಕ ಕೈಹಿಡಿದು ಕರೆತಂದು ಸೇರಿಸಿದಾಗ ಅವನಿಗೆ ಇಪ್ಪತ್ತೆಂಟು. ಕಿವಿಯೊಳಗೆ ಯಾರೋ ಬೈಯುತ್ತಾರೆ ಎಂದು ಹೊಲಿಗೆ ಮೆಷಿನ್ನಿನ ಸೂಜಿಗೆ ಕೈ ಕೊಟ್ಟುಕೊಂಡಿದ್ದ. ಬಂದ ಮೊದಲ ವಾರ ಮಂಚದ ಮೇಲೆ ಕೂತು, ಬಲಗಾಲಿನಿಂದ ನೆಲವನ್ನು ಮೆಷಿನ್ ತುಳಿದ ಹಾಗೆ ತುಳಿಯುತ್ತ, ಒಂದೇ ಸಮನೆ ಅತ್ತ. ಅನ್ನ ಬೇಡ, ನೀರು ಬೇಡ. ಏಳನೇ ದಿನ ಅವನ ಅಳು ಕೇಳಲಾರದೆ ಕಡ್ಡಿಯಣ್ಣ ಅವನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ, ಒಂದು ಸಿಗರೇಟು ಬಾಯಿಗಿಟ್ಟು ಹಚ್ಚಿದ. ಅಲ್ಲಿಯವರೆಗೆ ಟೈಲರ್ ಜನ್ಮದಲ್ಲಿ ಸೇದಿದವನಲ್ಲ. ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಅಳು ನಿಂತಿತು. ದೊಡ್ಡ ನರ್ಸು ಕಡ್ಡಿಯಣ್ಣನ ಬೆನ್ನು ತಟ್ಟಿದರು. ಅವನೂ ಏನೋ ಪುಣ್ಯ ಕಟ್ಟಿಕೊಂಡವನ ಹಾಗೆ ಅಂದು ಮನೆಗೆ ಹೋದ.

ಹನ್ನೊಂದು ವರ್ಷ ಆದ ಮೇಲೆ ಟೈಲರಿನ ಬಲಗಾಲಿನ ಬೆರಳು ಕಪ್ಪಾಯಿತು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ರಸ್ತೆಯಾಚೆಯ ಜನರಲ್ ಆಸ್ಪತ್ರೆಗೆ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದವನು ಕಡ್ಡಿಯಣ್ಣನೇ. ಸರ್ಜನ್ನು ಪಾದ ಮುಟ್ಟಿ ನೋಡಿ, ಮೊಣಕಾಲಿನ ಹಿಂದೆ ಒತ್ತಿ ನೋಡಿ, ಸಿಗರೇಟಿನಿಂದ ರಕ್ತನಾಳ ಮುಚ್ಚಿಹೋಗ್ತಾ ಇದೆ ಅಂದರು. ಇವತ್ತಿನಿಂದ ಒಂದೂ ಸೇದದಿದ್ದರೆ ಬೆರಳು ಹೋದರೂ ಪಾದ ಉಳಿಯುತ್ತದೆ, ಸೇದಿದರೆ ಎರಡು ತಿಂಗಳಲ್ಲಿ ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು ಚೀಟಿ ಬರೆದು ಕೊಟ್ಟರು. ಕಡ್ಡಿಯಣ್ಣ ಆ ಚೀಟಿ ಜೇಬಿಗಿಟ್ಟುಕೊಂಡು ಗಾಲಿಕುರ್ಚಿ ತಳ್ಳಿದ. ಮೊದಲನೆಯದನ್ನು ಹಚ್ಚಿದವನು ಯಾರು? ಅವನೇ.

ಚೀಟಿಯನ್ನು ದೊಡ್ಡ ನರ್ಸಿಗೆ ತೋರಿಸಿದ. ಅವರು ಓದಿ ಫೈಲಿಗೆ ಸೇರಿಸಿದರು. ಅವನಿಗೆ ಸಿಗರೇಟು ನಿಲ್ಲಿಸಿದರೆ ಮಾತ್ರೆ ನುಂಗುತ್ತಾನಾ, ವಾರ್ಡನ್ನು ತಲೆಕೆಳಗು ಮಾಡಿದರೆ ಯಾರು ಹಿಡಿಯುತ್ತೀರಿ ಎಂದು ಕೇಳಿದರು. ವಾರ್ಡಿನ ಡಾಕ್ಟರು ಇನ್ನೂ ಬುದ್ಧಿವಂತರು. ಪಾಪ, ಅವನಿಗಿರೋದು ಅದೊಂದೇ ಸುಖ, ಅದನ್ನೂ ಯಾಕೆ ಕಿತ್ತುಕೋತೀರಿ ಅಂದರು. ಕಾಲು ಹೋದರೆ ಹೋಗಲಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಕಡ್ಡಿಯಣ್ಣನಿಗೆ ಪಿತ್ತ ನೆತ್ತಿಗೇರಿತು. ತನ್ನ ಮಗನ ಕಾಲಾಗಿದ್ದರೆ ಈ ಮನುಷ್ಯ ಹೀಗೆ ಅನ್ನುತ್ತಿದ್ದನೇ ಎಂದು ಗೊಣಗಿಕೊಂಡು ಹೊರಗೆ ಬಂದ. ಸರಿ, ಇನ್ನು ತಾನೇ ಮಾಡಬೇಕು.

ಟೈಲರಿಗೆ ವಿಷಯ ಹೇಳಿದ. ಕಾಲು ಹೋದರೆ ಮೆಷಿನ್ ತುಳಿಯುವುದು ಹೇಗೆ ಎಂದು ಟೈಲರ್ ಕೇಳಿದ. ಹನ್ನೊಂದು ವರ್ಷದಿಂದ ಅವನು ಮೆಷಿನ್ ಕಣ್ಣಲ್ಲಿ ಕಂಡಿರಲಿಲ್ಲ, ಆದರೂ ಕೇಳಿದ. ಅದನ್ನೇ ಹಿಡಿದುಕೊಂಡು ಕಡ್ಡಿಯಣ್ಣ ಅವನನ್ನು ಒಪ್ಪಿಸಿದ.

ಒಪ್ಪುವುದು ಸುಲಭ. ಮೊದಲ ನಾಲ್ಕು ದಿನ ಟೈಲರ್ ಅವನ ಕೈ ಕಚ್ಚಿದ, ಅಂಗಿ ಹರಿದ, ಕಾಲಿಗೆ ಬಿದ್ದ. ಒಂದೇ ಒಂದು ಎಂದು ಬೇಡಿದ. ಇವನು ಅತ್ತ ಕಡೆ ಮುಖ ತಿರುಗಿಸಿದರೆ ನೆಲದ ಮೇಲಿನ ತುಂಡುಗಳಿಗೆ ತೆವಳಿಕೊಂಡು ಹೋಗುತ್ತಿದ್ದ. ಕಡ್ಡಿಯಣ್ಣ ಪೊರಕೆ ಹಿಡಿದು ಅವನಿಗಿಂತ ಮುಂಚೆ ಗುಡಿಸುತ್ತಿದ್ದ. ಐದನೇ ದಿನ ಅವನಿಗೆ ಒಂದು ಉಪಾಯ ಹೊಳೆಯಿತು. ಸೇದುವ ಹೊತ್ತು ಬಂದಾಗ ಟೈಲರಿನ ಬೆರಳುಗಳು ಗಾಳಿಯಲ್ಲಿ ಏನೋ ಹುಡುಕುತ್ತಿದ್ದವು. ಲಾಂಡ್ರಿಯಲ್ಲಿ ಹರಿದು ಬಿಸಾಕಿದ ದಿಂಬಿನ ಚೀಲಗಳಿದ್ದವು. ಅದರಲ್ಲೊಂದನ್ನು ತಂದು ಆ ಬೆರಳುಗಳಿಗೆ ಕೊಟ್ಟ. ವಾರ್ಡಿಗೆ ಸೂಜಿ ತರುವ ಹಾಗಿಲ್ಲ, ಕತ್ತರಿ ತರುವ ಹಾಗಿಲ್ಲ. ಟೈಲರ್ ಉಗುರಿನಲ್ಲೇ ಹೊಲಿಗೆ ಬಿಚ್ಚತೊಡಗಿದ. ಒಂದೊಂದೇ ಹೊಲಿಗೆ ಎತ್ತಿ, ನೂಲು ಕಡಿಯದಂತೆ ಎಳೆದು, ಬೆರಳಿಗೆ ಸುತ್ತಿಕೊಂಡ. ಯಾವನೋ ಬೇಕೂಫ ಹೊಲಿದಿದ್ದಾನೆ ಎಂದು ಬೈದ. ಕಡ್ಡಿಯಣ್ಣನಿಗೆ ಜೀವ ಬಂದಂತಾಯಿತು.

ಆಮೇಲೆ ದಿನಕ್ಕೆ ನಾಲ್ಕು ಹೊತ್ತು ಇಬ್ಬರೂ ವರಾಂಡದ ತುದಿಯಲ್ಲಿ, ಹೊಗೆ ಬಾರದ ಕಡೆ ಕೂರುತ್ತಿದ್ದರು. ಉಳಿದವರಿಗೆ ಬೆಂಕಿ, ಟೈಲರಿಗೆ ದಿಂಬಿನ ಚೀಲ. ಪಾದದ ಮೇಲ್ಭಾಗಕ್ಕೆ ನಿಧಾನವಾಗಿ ಬಣ್ಣ ಮರಳುತ್ತಿದೆಯೆಂದು ಕಡ್ಡಿಯಣ್ಣನಿಗೆ ಅನ್ನಿಸಿತು. ದಿನಾ ಬೆಳಿಗ್ಗೆ ಅವನು ಆ ಪಾದವನ್ನು ಮುಟ್ಟಿ ನೋಡುತ್ತಿದ್ದ, ಹಸುಗೂಸಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ.

ಮೊದಲ ವಾರ ಕಳೆದ ಮೇಲೆ ಟೈಲರ್ ಒಂದು ಮಾತು ಕೇಳಿದ.

"ಅಣ್ಣ, ಇದು ಅಕ್ಕನಿಗೆ ಗೊತ್ತಾಗಬಾರದು."

ಯಾಕೆ ಎಂದು ಕಡ್ಡಿಯಣ್ಣ ಕೇಳಿದ. ಖುಷಿಪಡುತ್ತಾಳಲ್ಲ?

"ಅವಳು ಸಿಗರೇಟು ಕೊಟ್ಟು ಬಂದ್ಬಿಡ್ತೀನಿ ಅಂತ ಮನೇಲಿ ಹೇಳಿ ಬರ್ತಾಳೆ. ಭಾವ ಬಿಡೋದು ಅದಕ್ಕೇನೇ. ಕೊಡೋಕೇ ಏನೂ ಇಲ್ಲ ಅಂದ್ರೆ ಯಾಕೆ ಬರ್ತಾಳೆ?"

ಅಕ್ಕ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಪ್ರತಿ ಭಾನುವಾರ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಒಂದು ಪ್ಯಾಕೆಟ್ಟು ತಮ್ಮನ ಕೈಗಿಟ್ಟು, ಅರ್ಧ ಗಂಟೆ ಎದುರಿಗೆ ಕೂತು, ಅವನು ಏನಾದರೂ ಮಾತಾಡಿದರೆ ಕೇಳಿ, ಇಲ್ಲದಿದ್ದರೆ ಹಾಗೇ ಎದ್ದು ಹೋಗುತ್ತಿದ್ದಳು. ನಲವತ್ತು ಹಾಸಿಗೆಯಲ್ಲಿ ಭಾನುವಾರ ಯಾರಾದರೂ ಬರುತ್ತಿದ್ದದ್ದು ಐದಾರು ಜನರಿಗೆ ಮಾತ್ರ. ಬರುವವರು ಬರದೇ ಹೋದಾಗ ಏನಾಗುತ್ತದೆ ಎನ್ನುವುದನ್ನು ಕಡ್ಡಿಯಣ್ಣ ಕಂಡಿದ್ದ. ಆಯ್ತು ಅಂದ.

ಆಯ್ತು ಅಂದವನು ಅದನ್ನು ನೆಟ್ಟಗೆ ಮಾಡಬೇಕಲ್ಲ. ಪಟ್ಟಿಯಲ್ಲಿ ಹದಿನೇಳನೆಯ ಸಾಲು ಖಾಲಿ ಬಿಟ್ಟರೆ ನರ್ಸುಗಳು ಕೇಳುತ್ತಾರೆ, ಕೇಳಿದರೆ ಭಾನುವಾರ ಅಕ್ಕನ ಕಿವಿಗೆ ಬೀಳುತ್ತದೆ. ದೊಡ್ಡ ನರ್ಸಿಗೆ ಹೆದರಿ ಮೊದಲ ದಿನದಿಂದಲೇ ಟೈಲರಿನ ಸಾಲಿನಲ್ಲಿ ಇಡುತ್ತಿದ್ದ ಹತ್ತು ನೀಲಿ ಚುಕ್ಕಿಯನ್ನು ಕಡ್ಡಿಯಣ್ಣ ದಿನಾ ಮುಂದುವರಿಸಿದ. ಅಕ್ಕ ತಂದ ಪ್ಯಾಕೆಟ್ಟುಗಳನ್ನು ಪೊರಕೆ ಇಡುವ ಕಪಾಟಿನ ಹಿಂದೆ ತುರುಕಿದ. ಇದರಲ್ಲಿ ಯಾರಿಗೆ ಏನು ನಷ್ಟ ಎಂದುಕೊಂಡ. ಒಳ್ಳೆಯ ಕೆಲಸ ಮಾಡುವಾಗ ಮನುಷ್ಯನಿಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಮೂರನೇ ವಾರ ಟೈಲರ್ ತೂಕಡಿಸತೊಡಗಿದ. ದಿಂಬಿನ ಚೀಲ ತೊಡೆಯ ಮೇಲೆ ಹಾಗೇ ಬಿದ್ದಿರುತ್ತಿತ್ತು. ಬಾಯಿಯಿಂದ ಜೊಲ್ಲು ಸುರಿದು ಅಂಗಿ ಒದ್ದೆಯಾಗುತ್ತಿತ್ತು. ನಡೆಯುವಾಗ ತೂರಾಡುತ್ತಿದ್ದ. ಕಾಲು ನೋವಿಗೆ ಹೀಗೆ ಎಂದು ನರ್ಸು ಅಂದರು. ಡಾಕ್ಟರು ಬಂದು ನೋಡಿದರು, ಗೋಡೆಯ ಪಟ್ಟಿ ನೋಡಿದರು, ಹತ್ತು ಚುಕ್ಕಿ ನೋಡಿದರು, ಮಾತ್ರೆ ಹಾಗೇ ಮುಂದುವರಿಸಿ ಎಂದು ಬರೆದು ಹೋದರು. ಸಿಗರೇಟು ಬಿಟ್ಟವರಿಗೆ ನಿದ್ದೆ ಜಾಸ್ತಿ ಇರಬೇಕು ಎಂದು ಕಡ್ಡಿಯಣ್ಣ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಇಪ್ಪತ್ತಾರನೇ ದಿನ ಬೆಳಿಗ್ಗೆ ತಿಂಡಿಯ ನಂತರದ ಹೊತ್ತಿನಲ್ಲಿ ಟೈಲರ್ ವರಾಂಡದಲ್ಲಿ ಕೂತಲ್ಲೇ ಸೆಟೆದುಕೊಂಡ. ಕಣ್ಣು ಮೇಲಾಯಿತು, ಹಲ್ಲು ಕಚ್ಚಿಕೊಂಡಿತು, ಮೈಯೆಲ್ಲ ಅದುರಾಡಿ ಕಂಬಕ್ಕೆ ತಲೆ ಹೊಡೆದು ಬಿದ್ದ. ಕಡ್ಡಿಯಣ್ಣನ ಕೈಯಲ್ಲೇ ಲೈಟರು ಇತ್ತು, ಅದನ್ನು ಎಸೆಯಲು ಹೋದರೆ ದಾರ ಸೊಂಟಕ್ಕೆ ಎಳೆಯಿತು. ಎಲ್ಲರೂ ಸೇರಿ ಟೈಲರನ್ನು ಸ್ಟ್ರೆಚರಿನಲ್ಲಿ ಹಾಕಿಕೊಂಡು ರಸ್ತೆಯಾಚೆ ಓಡಿದರು.

ಜನರಲ್ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಇದ್ದರು. ಸೂಜಿ ಚುಚ್ಚಿ ಅದುರಾಟ ನಿಲ್ಲಿಸಿದರು, ಯಾವ ಮಾತ್ರೆ ಎಂದು ಕೇಳಿದರು, ದೊಡ್ಡ ನರ್ಸು ಹೆಸರು ಹೇಳಿದರು. ಆಕೆ ತಲೆ ಎತ್ತಿ ಕೇಳಿದರು, ಇವನು ಸಿಗರೇಟು ಸೇದ್ತಾನಾ, ದಿನಕ್ಕೆ ಎಷ್ಟು?

ದೊಡ್ಡ ನರ್ಸು ಕಡ್ಡಿಯಣ್ಣನ ಮುಖ ನೋಡಿದರು. ಇಪ್ಪತ್ತಾರು ದಿನದ ಇನ್ನೂರ ಅರವತ್ತು ಸುಳ್ಳು ಚುಕ್ಕಿ ಅವನ ಕಣ್ಣ ಮುಂದೆ ಬಂದವು. ಕೆಲಸ, ಮನೆ, ಟೈಲರಿಗೆ ಕೊಟ್ಟ ಮಾತು, ಎಲ್ಲ ಒಟ್ಟಿಗೆ ನೆನಪಾದವು.

"ಹತ್ತು," ಅಂದ.

ಹಾಗಾದರೆ ಎಷ್ಟು ದಿನದಿಂದಲೋ ಮಾತ್ರೆ ಬಚ್ಚಿಟ್ಟು ಉಗುಳಿರಬೇಕು, ಅದಕ್ಕೇ ಹೀಗಾಗಿದೆ ಎಂದು ದೊಡ್ಡ ನರ್ಸು ಹೇಳಿದರು. ಮಧ್ಯಾಹ್ನದಿಂದ ಕಣ್ಣೆದುರಿಗೇ ಮೂಗಿನ ಕೊಳವೆಯಲ್ಲಿ ಮಾತ್ರೆ ಕರಗಿಸಿ ಕೊಡುವುದೆಂದು ಮಾತಾಯಿತು. ಕಡ್ಡಿಯಣ್ಣನ ಅಂಗಿ ತುಂಬ ರಕ್ತ ಆಗಿತ್ತು. ಬಟ್ಟೆ ಬದಲಾಯಿಸಿ ಬಾ ಎಂದು ಅವನನ್ನು ಮನೆಗೆ ಕಳಿಸಿದರು. ಮನೆ ಹತ್ತಿರವೇ ಇತ್ತು.

ಹೆಂಡತಿ ಅಂಗಿ ಕಂಡು ಹೌಹಾರಿದಳು. ಅವನು ಒಲೆಯ ಪಕ್ಕ ಕುಸಿದು ಕೂತು ಎಲ್ಲ ಹೇಳಿದ, ಮೊದಲ ಸಿಗರೇಟಿನಿಂದ ಹಿಡಿದು ಈಗಿನ ಸುಳ್ಳಿನವರೆಗೆ. ಕೊನೆಗೆ ಅವಳು ಒಂದೇ ಮಾತು ಕೇಳಿದಳು.

"ಜೀವ ಹೋಗೋ ಹೊತ್ತಲ್ಲಿ ಡಾಕ್ಟ್ರು ಸಿಗರೇಟಿನ ಲೆಕ್ಕ ಸುಮ್ನೆ ಕೇಳ್ತಾರೇನ್ರೀ?"

ಡಾಕ್ಟರು ಚುಕ್ಕಿ ನೋಡಿಯೇ ಮಾತ್ರೆ ಬರೆಯುತ್ತಿದ್ದದ್ದು ಅವನಿಗೆ ಆಗ ಹೊಳೆಯಿತು. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಬೀದಿಗೆ ಬಿದ್ದ. ಐವತ್ತೈದರ ಹತ್ತಿರದ ಮನುಷ್ಯ, ಬಿಸಿಲಲ್ಲಿ ಚಪ್ಪಲಿ ಇಲ್ಲದೆ ಓಡಿದ. ಸಿಗ್ನಲ್ಲಿನಲ್ಲಿ ಯಾರೋ ಹಾರ್ನ್ ಹೊಡೆದು ಬೈದರು, ಅವನಿಗೆ ಕೇಳಿಸಲಿಲ್ಲ. ದೇವರೇ, ಇನ್ನೊಂದು ಮಾತ್ರೆ ಕೊಟ್ಟಿರಬಾರದು, ಕೊಟ್ಟಿರಬಾರದು ಎಂದು ಅದೊಂದನ್ನೇ ಹೇಳಿಕೊಳ್ಳುತ್ತಿದ್ದ. ಜನರಲ್ ಆಸ್ಪತ್ರೆಯ ಮೆಟ್ಟಿಲು ಹತ್ತಿ ಅಲ್ಲಿನ ವಾರ್ಡಿಗೆ ನುಗ್ಗಿದಾಗ ನರ್ಸೊಬ್ಬಳು ಲೋಟದಲ್ಲಿ ಬಿಳಿ ಪುಡಿ ಕದಡುತ್ತಿದ್ದಳು. ಅವನು ಆ ಲೋಟವನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟ. ಡಾಕ್ಟರಮ್ಮ ಗದ್ದಲ ಕೇಳಿ ಬಂದರು.

"ಹತ್ತಲ್ಲ ಡಾಕ್ಟ್ರೇ. ಒಂದೂ ಇಲ್ಲ. ಸೇದೋದು ಬಿಟ್ಟು ಇಪ್ಪತ್ತಾರು ದಿನ ಆಯ್ತು. ನಾನೇ ಬಿಡಿಸಿದ್ದು. ಚುಕ್ಕಿ ಎಲ್ಲಾ ಸುಳ್ಳು."

ಆಕೆ ಲೋಟವನ್ನು ಅವನ ಕೈಯಿಂದ ಬಿಡಿಸಿ ಸಿಂಕಿಗೆ ಚೆಲ್ಲಿದರು. ಆಮೇಲೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಬಿಡಿಸಿ ಹೇಳಿದರು. ಸಿಗರೇಟಿನ ಹೊಗೆ ಈ ಮಾತ್ರೆಯನ್ನು ಮೈಯಿಂದ ಬೇಗ ಖಾಲಿ ಮಾಡುತ್ತದೆ. ಅದಕ್ಕೇ ಸೇದುವವರಿಗೆ ಹೆಚ್ಚು ಮಾತ್ರೆ ಕೊಟ್ಟಿರುತ್ತಾರೆ. ಹೊಗೆ ನಿಂತ ಮೇಲೂ ಅಷ್ಟೇ ಕೊಟ್ಟರೆ ಅದು ರಕ್ತದಲ್ಲಿ ಕೂಡುತ್ತ ಹೋಗಿ ವಿಷವಾಗುತ್ತದೆ. ಬಿಡಿಸುವ ದಿನವೇ ಹೇಳಿದ್ದರೆ ಮಾತ್ರೆ ಇಳಿಸಿ ಸುಲಭವಾಗಿ ದಾಟಿಸಬಹುದಿತ್ತು.

"ನೀವು ಮಾಡಿದ್ದು ಒಳ್ಳೆ ಕೆಲ್ಸಾನೇ," ಅಂದರು ಆಕೆ. "ಹೇಳ್ದೇ ಮಾಡಿದ್ರಿ."

ಟೈಲರಿಗೆ ಎರಡು ದಿನ ಪ್ರಜ್ಞೆ ಬರಲಿಲ್ಲ. ಇತ್ತ ಕಡ್ಡಿಯಣ್ಣನ ವಿಚಾರಣೆ ಒಂದೇ ಗಂಟೆಯಲ್ಲಿ ಮುಗಿಯಿತು. ಸರ್ಜನ್ನಿನ ಚೀಟಿ ಫೈಲಿನಲ್ಲೇ ಇತ್ತು, ಅದನ್ನು ಯಾರೂ ತೆಗೆದು ಓದಲಿಲ್ಲ. ಸುಳ್ಳು ಬರೆದದ್ದು ಇವನು, ಸಿಕ್ಕಿಬಿದ್ದವನೂ ಇವನೇ. ಕೆಲಸದಿಂದ ತೆಗೆಯಲಿಲ್ಲ, ಲಾಂಡ್ರಿಗೆ ಹಾಕಿದರು. ಸೊಂಟದ ಲೈಟರು ಬಿಚ್ಚಿಕೊಳ್ಳುವಾಗ ದೊಡ್ಡ ನರ್ಸು ಅವನ ಮುಖ ನೋಡಲಿಲ್ಲ.

ಭಾನುವಾರ ಬಂತು. ಅಕ್ಕನಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಕಡ್ಡಿಯಣ್ಣ ಗೇಟಿನ ಹತ್ತಿರ ಕಾದು ನಿಂತ. ಅವಳು ಬಸ್ಸಿಳಿದು, ಎಂದಿನಂತೆ ಪ್ಯಾಕೆಟ್ಟನ್ನು ಬ್ಯಾಗಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಅವನು ಗೋಡೆಗೆ ಒರಗಿ ಎಲ್ಲ ಹೇಳಿದ. ಕಪಾಟಿನ ಹಿಂದೆ ಮುಚ್ಚಿಟ್ಟ ಪ್ಯಾಕೆಟ್ಟುಗಳನ್ನೂ ತಂದು ಅವಳ ಮುಂದೆ ಇಟ್ಟ. ಅವಳು ಹೊಡೆಯುತ್ತಾಳೆ ಎಂದುಕೊಂಡಿದ್ದ, ಹೊಡೆದಿದ್ದರೆ ಚೆನ್ನಾಗಿತ್ತು.

"ನನ್ ತಮ್ಮ ಇಲ್ಲಿಗೆ ಬರೋವಾಗ ಸೇದ್ತಾ ಇರ್ಲಿಲ್ಲ," ಅಂದಳು. "ಸೇರಿಸಿದ್ಮೇಲೆ ನಾನು ಮುಂದಿನ ಸಲ ಬಂದಾಗ ನನ್ನ ಮುಖ ನೋಡೋಕ್ ಮುಂಚೆ ಸಿಗರೇಟು ತಂದ್ಯಾ ಅಂದ. ಯಾರು ಕಲಿಸಿದ್ರು ಅಂತ ನಾನು ಒಂದ್ ದಿನಾನೂ ಕೇಳ್ಲಿಲ್ಲ."

"ನಾನೇ ಕಲಿಸಿದ್ದು ಕಣಮ್ಮ," ಅಂದ ಕಡ್ಡಿಯಣ್ಣ. ಅವನಿಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

ಅವಳು ಪ್ಯಾಕೆಟ್ಟುಗಳನ್ನು ನೋಡುತ್ತ ಹೇಳಿದಳು. ಒಮ್ಮೆ ಮಾತ್ರ ಬರಿಗೈಯಲ್ಲಿ ಬಂದಿದ್ದಳಂತೆ, ಬಹಳ ವರ್ಷದ ಹಿಂದೆ. ಅಂದು ತಮ್ಮ ಗೋಡೆ ಕಡೆ ತಿರುಗಿ ಮಲಗಿದವನು ಅರ್ಧ ಗಂಟೆಯೂ ಈ ಕಡೆ ತಿರುಗಲಿಲ್ಲವಂತೆ. ಅವತ್ತಿನಿಂದ ಒಂದು ಭಾನುವಾರವೂ ಪ್ಯಾಕೆಟ್ಟು ತಪ್ಪಿಸಿರಲಿಲ್ಲ, ವಿಷ ಎಂದು ಗೊತ್ತಿದ್ದೂ.

"ಇನ್ಮೇಲೆ ನಾನು ಏನು ಹಿಡ್ಕೊಂಡು ಬರ್ಲಿ ಅಣ್ಣ?" ಎಂದು ಕೇಳಿದಳು.

ಟೈಲರ್ ಬದುಕಿಕೊಂಡ. ಎರಡು ಬೆರಳು ತೆಗೆದರು, ಪಾದ ಉಳಿಸಿದರು. ಇನ್ನೊಂದು ಸಿಗರೇಟು ಬಾಯಿಗೆ ಹೋದರೆ ಪಾದವೂ ಹೋಗುತ್ತದೆ ಎಂದು ಸರ್ಜನ್ನು ಮತ್ತೆ ಬರೆದು ಕೊಟ್ಟರು, ಈ ಸಲ ಅದನ್ನು ಹಾಸಿಗೆಯ ತಲೆದೆಸೆಗೇ ಅಂಟಿಸಿದರು. ಮೂರು ವಾರ ಆದ ಮೇಲೆ ಅವನನ್ನು ಹದಿನೇಳನೇ ಹಾಸಿಗೆಗೆ ಮರಳಿ ತಂದರು. ದಿನಕ್ಕೆ ನಾಲ್ಕು ಹೊತ್ತು ಕಿಟಕಿಯಿಂದ ಹೊಗೆ ಒಳಗೆ ಬರುತ್ತಿತ್ತು. ಹೊಸ ಅಟೆಂಡರು ಕರುಣೆಯವನು, ಕೇಳಿದರೆ ಇಲ್ಲ ಅನ್ನುವವನಲ್ಲ. ಲಾಂಡ್ರಿಯಲ್ಲಿ ಹೊದಿಕೆ ಹಿಂಡುತ್ತ ಕಡ್ಡಿಯಣ್ಣನಿಗೆ ಇದೇ ಯೋಚನೆ. ಇವತ್ತು ಟೈಲರ್ ಕೇಳಿರುತ್ತಾನಾ? ಹೊಸಬ ಹಚ್ಚಿರುತ್ತಾನಾ?

ಟೈಲರ್ ಮರಳಿದ ಮೇಲಿನ ಮೊದಲ ಭಾನುವಾರ ಅವನು ಒಗೆದ ಹೊದಿಕೆಯ ಗಂಟು ಹೊತ್ತು, ಬೇಕೆಂದೇ ಭೇಟಿಯ ಹೊತ್ತಿಗೆ ವಾರ್ಡಿಗೆ ಬಂದ. ಅಕ್ಕ ಬಂದಿದ್ದಳು. ಮನೆಯಲ್ಲಿ ಏನು ಹೇಳಿ ಬಂದಳೋ, ಹೇಗೆ ಬಂದಳೋ, ಸ್ಟೂಲಿನ ಮೇಲೆ ಕೂತಿದ್ದಳು. ಕೈ ಖಾಲಿ. ಟೈಲರ್ ಅವಳ ಮುಖ ನೋಡಲಿಲ್ಲ, ಕೈ ನೋಡಿದ.

"ತಂದಿಲ್ವಾ?"

"ಇಲ್ಲ ಕಣೋ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಕಡ್ಡಿಯಣ್ಣ ಹೊದಿಕೆ ಮಡಚುವ ನೆಪದಲ್ಲಿ ಅಲ್ಲೇ ನಿಂತ. ಹತ್ತು ನಿಮಿಷ ಆಯಿತು, ಇಪ್ಪತ್ತು ನಿಮಿಷ ಆಯಿತು. ವರಾಂಡದಲ್ಲಿ ಚಹಾದ ಹೊತ್ತಿನ ಸಾಲು ನಿಂತಿತು, ಹೊಗೆಯ ವಾಸನೆ ಬಂತು, ಟೈಲರಿನ ಬೆನ್ನು ನಡುಗತೊಡಗಿತು. ಅಕ್ಕ ಎದ್ದು ಹೋಗಲಿಲ್ಲ. ಕೊನೆಗೆ ಹೆದರಿಕೊಂಡೇ ಕೈ ಚಾಚಿ ಅವನ ಹೆಗಲ ಮೇಲಿಟ್ಟಳು. ಅವನು ಆ ಕೈ ಕೊಡವಲೆಂದು ಹಿಡಿದ. ಹಿಡಿದವನ ಬೆರಳು ಜಾರಿ ಅವಳ ರವಿಕೆಯ ತೋಳಿನ ಅಂಚಿನಲ್ಲಿ ನಿಂತಿತು. ನಿಧಾನವಾಗಿ ಈ ಕಡೆ ತಿರುಗಿದ.

"ಇಲ್ಲಿ ಹೊಲಿಗೆ ಬಿಟ್ಟಿದೆ," ಅಂದ. "ಯಾರು ಹೊಲಿದಿದ್ದು ಇದನ್ನ? ಸೂಜಿ ಕೊಡು."

ಕಡ್ಡಿಯಣ್ಣನ ಜೇಬಿನಲ್ಲಿ ಲಾಂಡ್ರಿಯ ಸೂಜಿ ಇತ್ತು, ನೂಲು ಪೋಣಿಸಿದ್ದೇ ಇತ್ತು. ಅವನ ಕೈ ಜೇಬಿನವರೆಗೆ ಹೋಯಿತು. ಅಲ್ಲೇ ತಡೆದು, ನರ್ಸುಗಳ ಕೋಣೆಯ ಬಾಗಿಲಿಗೆ ಹೋಗಿ ನಿಂತು, ಸೂಜಿ ಕೊಡಬಹುದಾ ಎಂದು ಕೇಳಿದ. ದೊಡ್ಡ ನರ್ಸು ಅವನನ್ನು ನೋಡಿದರು, ಹದಿನೇಳನೇ ಹಾಸಿಗೆ ಕಡೆ ನೋಡಿದರು. ಇವತ್ತು ಆಗೋದಿಲ್ಲ, ನಾಳೆ ಡಾಕ್ಟರನ್ನು ಕೇಳ್ತೀನಿ, ಒಪ್ಪಿದರೆ ನನ್ನ ಎದುರಿಗೆ ಕೂತು ಹೊಲಿಯಲಿ ಅಂದರು. ಅವನು ಹಿಂದಿರುಗಿ ಬಂದು ಅಕ್ಕನಿಗೆ ಅಷ್ಟನ್ನೇ ಹೇಳಿದ.

ಭೇಟಿ ಮುಗಿದ ಗಂಟೆ ಹೊಡೆಯಿತು. ಅಕ್ಕ ಎದ್ದಳು. ಟೈಲರ್ ಅವಳ ತೋಳು ಬಿಟ್ಟಿರಲಿಲ್ಲ, ಮನೆಯಲ್ಲಿ ಬೇರೆ ಯಾರ ಕೈಲೂ ಹೊಲಿಸಬೇಡ, ಹಾಳು ಮಾಡ್ತಾರೆ ಎಂದು ಹೇಳುತ್ತಿದ್ದ.

"ಇಲ್ಲ ಪುಟ್ಟ," ಅಂದಳು ಅವಳು. "ಹಾಗೇ ಬಿಟ್ಟಿರ್ತೀನಿ. ಮುಂದಿನ ಭಾನುವಾರ ಇದನ್ನೇ ಹಾಕ್ಕೊಂಡು ಬರ್ತೀನಿ."